ಆಪ್ತಮಿತ್ರನೂ ಆಪ್ತ ಸಮಾಲೋಚಕಿಯೂ

2004ರಲ್ಲಿ ‘ಆಪ್ತಮಿತ್ರ’ ಬಂದಾಗಿನಿಂದ ನಮಗೆಲ್ಲ ಮನೋವೈದ್ಯ ಅಂದ್ರೆ ವಿಷ್ಣುವರ್ಧನ್. ಉಳಿದವರಿಗೆ ಕಾಣದ್ದು ಅವನಿಗೆ ಕಾಣುತ್ತದೆ, ಉಳಿದವರು ಹೆದರುವಾಗ ಅವನು ತಮಾಷೆ ಮಾಡುತ್ತಾನೆ. ಮಲಯಾಳದ ‘ಮಣಿಚಿತ್ರತ್ತಾಳ್’ (1993) ಚಿತ್ರವನ್ನು ಪಿ. ವಾಸು ಕನ್ನಡಕ್ಕೆ ತಂದದ್ದು ಅಂತ ಗೊತ್ತಿದ್ದರೂ ಅದು ನಮ್ಮದೇ ಕತೆ ಅನಿಸಿಬಿಟ್ಟಿದೆ. ಸೌಂದರ್ಯ ಆ ಚಿತ್ರ ತೆರೆಗೆ ಬರುವ ಮೊದಲೇ ತೀರಿಕೊಂಡಿದ್ದರು. ನಾಗವಲ್ಲಿಯಾಗಿ ಅವರನ್ನು ನೋಡುವಾಗ ಈಗಲೂ ಒಂಥರಾ ಆಗುತ್ತದೆ. ಟಿವಿಯಲ್ಲಿ ಬಂದರೆ ನಾನು ರಿಮೋಟ್ ಕೆಳಗಿಡುವವನೇ. ಆದ್ದರಿಂದ ಸಿನಿಮಾ ಸರಿ ಇಲ್ಲ ಅಂತ ನಾನು ಹೇಳುತ್ತಿಲ್ಲ. ಅದನ್ನು ಪಾಠಪುಸ್ತಕ ಮಾಡಿಕೊಂಡದ್ದರ ಬಗ್ಗೆ ನನ್ನ ತಕರಾರು.

ನನ್ನ ಚಿಕ್ಕಮ್ಮನ ಮಗಳು ಎಂ.ಎಸ್.ಡಬ್ಲ್ಯೂ. ಮುಗಿಸಿ ಆಪ್ತ ಸಮಾಲೋಚನೆಯ ತರಬೇತಿ ತೆಗೆದುಕೊಳ್ಳುತ್ತಿದ್ದಾಳೆ. ತರಗತಿಯಲ್ಲಿ ಈ ಸಿನಿಮಾದ ತುಣುಕು ತೋರಿಸಿ ಬರೆಯಲು ಹೇಳಿದರಂತೆ. “ಅಣ್ಣಾ, ಡಾಕ್ಟರ್ ವಿಜಯ್ ಮಾಡಿದ್ದು ಕೌನ್ಸೆಲಿಂಗಾ, ಸೈಕೋಥೆರಪಿಯಾ?” ಅಂತ ಫೋನು ಮಾಡಿದಳು. “ಎರಡೂ ಅಲ್ಲ ಅಂತ ಬರಿ” ಅಂದೆ. ಕಾರಣ ಕೇಳಿದಳು. ಆಮೇಲೆ ಅವಳ ಪುಸ್ತಕವನ್ನೇ ಇಸ್ಕೊಂಡು ಓದಬೇಕಾಯ್ತು. ಬಿ.ಇ. ಓದಿದವನಿಗೆ ಇದೆಲ್ಲ ಯಾಕೆ ಅಂತ ಕೇಳಬೇಡಿ, ಪುಸ್ತಕ ಚೆನ್ನಾಗಿತ್ತು.

ಮೊದಲ ಸಂಗತಿ, ವಿಜಯ್ ಗಂಗಾಳ ಗಂಡನ ಗೆಳೆಯ. ಅದೇ ಮನೆಯಲ್ಲಿ ಉಳಿದುಕೊಂಡ ನೆಂಟ. ಪುಸ್ತಕ ಆರಂಭದಲ್ಲೇ ಬೇಡ ಅನ್ನುವುದು ಇದನ್ನೇ: ನಂಟು, ಗೆಳೆತನ, ಸಾಲ, ವ್ಯವಹಾರ ಇದ್ದವರಿಗೆ ಸಮಾಲೋಚನೆ ಮಾಡಬಾರದು. ಎರಡನೆಯದು ಒಪ್ಪಿಗೆ. ನಿನ್ನನ್ನು ಪರೀಕ್ಷಿಸುತ್ತಿದ್ದೇನೆ ಅಂತ ಗಂಗಾಳಿಗೆ ಯಾರೂ ಹೇಳುವುದಿಲ್ಲ, ಹೇಳುವುದು ಗಂಡನಿಗೆ. ಅವಳನ್ನು ಬೇಕೆಂದೇ ಕೆರಳಿಸಿ, ಅವಳು ಮಂಚ ಎತ್ತುವುದನ್ನು ಅವನಿಗೆ ತೋರಿಸುತ್ತಾರೆ. ಸಿನಿಮಾವಾಗಿ ಅದ್ಭುತ ದೃಶ್ಯ. ಚಿಕಿತ್ಸೆಯಾಗಿ ನೋಡಿದರೆ, ನಮ್ಮ ಕೆಲಸದ ಮಾತಲ್ಲಿ ಹೇಳುವುದಾದರೆ, ಗ್ರಾಹಕರು ಬಳಸುತ್ತಿರುವ ಸರ್ವರಿನ ಮೇಲೆಯೇ ಟೆಸ್ಟಿಂಗ್ ಮಾಡಿದ ಹಾಗೆ.

ಮೂರನೆಯದು ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಇಡೀ ಚಿತ್ರದಲ್ಲಿ ಯಾರಾದರೂ ಗಂಗಾಳ ಎದುರು ಕೂತು ಐದು ನಿಮಿಷ ಅವಳ ಮಾತು ಕೇಳುತ್ತಾರಾ? ನನಗೆ ನೆನಪಿರುವ ಹಾಗೆ ಅಂಥ ದೃಶ್ಯವೇ ಇಲ್ಲ. ಅವಳ ಕತೆಯನ್ನು ನಮಗೆ ಬಿಡಿಸಿ ಹೇಳುವವನೂ ವಿಜಯನೇ. ಕಾರ್ಲ್ ರೋಜರ್ಸ್ 1957ರಲ್ಲಿ ಬರೆದ ಒಂದು ಲೇಖನ ಈ ವಿದ್ಯೆಗೆ ಅಡಿಗಲ್ಲಿದ್ದಂತೆ. ಮನುಷ್ಯ ಬದಲಾಗಬೇಕಾದರೆ ಎದುರಿಗೆ ಕೂತವರಲ್ಲಿ ಏನಿರಬೇಕು ಅಂತ ಅವರು ಹುಡುಕಿದರು. ಅವನ ಜಾಗದಲ್ಲಿ ನಿಂತು ಅವನ ಲೋಕವನ್ನು ನೋಡಬೇಕು, ಷರತ್ತಿಲ್ಲದೆ ಅವನನ್ನು ಗೌರವಿಸಬೇಕು, ತಾನು ಮುಖವಾಡ ಹಾಕಿಕೊಂಡಿರಬಾರದು. ಪತ್ತೇದಾರಿಕೆಗೆ ಅಲ್ಲಿ ಜಾಗ ಇಲ್ಲ. ವಿಜಯ್‌ಗೆ ಮುಖವಾಡವೇ ಬಂಡವಾಳ.

ನ್ಯಾಯವಾಗಿ ಇದನ್ನೂ ಹೇಳಬೇಕು. ಗಂಗಾಳಂಥ ಸ್ಥಿತಿ ಹೊಸದಾಗಿ ಕಲಿತ ಸಮಾಲೋಚಕಿ ಕೈಹಾಕುವಂಥದ್ದೇ ಅಲ್ಲ. ಇದು ನನ್ನಿಂದ ಆಗುವುದಲ್ಲ, ಮನೋವೈದ್ಯರ ಹತ್ತಿರ ಕಳಿಸಬೇಕು ಅಂತ ಗೊತ್ತಾಗುವುದೇ ಅವಳ ವಿದ್ಯೆಯ ಅರ್ಧಪಾಲು. ಹೀಗಿರುವಾಗ ತರಬೇತಿಯವರಿಗೆ ತೋರಿಸಲು ಈ ಚಿತ್ರವೇ ಯಾಕೆ ಬೇಕು?

ನಾನು ತೋರಿಸುವುದಾದರೆ ತ್ರಿವೇಣಿಯವರ ಕಾದಂಬರಿಯಿಂದ ಪುಟ್ಟಣ್ಣ ಕಣಗಾಲ್ ಮಾಡಿದ ‘ಶರಪಂಜರ’. ಬಾಣಂತನದಲ್ಲಿ ಕಾವೇರಿಯ ಮನಸ್ಸು ಕೆಡುತ್ತದೆ. ಮದುವೆಗೆ ಮೊದಲಿನ ಒಂದು ಘಟನೆ ಕಾಯಿಲೆಯ ಹೊತ್ತಿನಲ್ಲಿ ಹೊರಬಿದ್ದು ಗಂಡನಿಗೂ ತಿಳಿಯುತ್ತದೆ. ಆಸ್ಪತ್ರೆಯಲ್ಲಿ ಅವಳು ಗುಣವಾಗುತ್ತಾಳೆ. ಹೌದು, ಚಿಕಿತ್ಸೆ ಫಲ ಕೊಡುತ್ತದೆ! ಅವಳನ್ನು ಮತ್ತೆ ಕೆಡಿಸುವುದು ಮನೆ. ಆಸ್ಪತ್ರೆಗೆ ಹೋಗಿ ಬಂದವಳು ಅನ್ನುವ ಹೆದರಿಕೆ, ಪಿಸುಮಾತು, ಗಂಡನ ಬೆನ್ನು. ಕಲ್ಪನಾ ಅವರ ಆ ನಗು ನೋಡಿದವರು ಯಾರು ಮರೆತಿದ್ದಾರೆ? ಕಾಯಿಲೆಯಲ್ಲಿ ಬಾಯಿಬಿಟ್ಟ ಮಾತು ಅವಳ ಮೇಲಿನ ಆರೋಪಪಟ್ಟಿ ಆಗಿಬಿಡುತ್ತದೆ. ಗುಟ್ಟು ಕಾಯುವುದು ಯಾಕೆ ಬೇಕು ಅಂತ ಪುಸ್ತಕ ಒಂದು ಅಧ್ಯಾಯದಲ್ಲಿ ಹೇಳುವುದನ್ನು ಈ ಸಿನಿಮಾ ಒಂದು ಸಂಸಾರದಲ್ಲಿ ತೋರಿಸುತ್ತದೆ. ಗುಣವಾದ ಮೇಲಿನ ದಿನಗಳಲ್ಲಿ ಕಾವೇರಿಗೂ ಸತೀಶನಿಗೂ ಬೇಕಾಗಿದ್ದದ್ದು ಒಬ್ಬಳು ಒಳ್ಳೆಯ ಸಮಾಲೋಚಕಿ. ಗಂಗಾಳ ಕತೆಯಲ್ಲಿ ಅಂಥವಳಿಗೆ ಕೆಲಸವಿಲ್ಲ. ಇಲ್ಲಿ ಅವಳ ಜಾಗ ಚಿತ್ರದುದ್ದಕ್ಕೂ ಖಾಲಿ ಬಿದ್ದಿದೆ.

ಇನ್ನು ‘ಆಪ್ತ’ ಅನ್ನುವ ಪದ. ಕನ್ನಡದಲ್ಲಿ ಕೌನ್ಸೆಲಿಂಗ್‌ಗೆ ‘ಆಪ್ತಸಲಹೆ’ ಅಂತಲೂ ಉಂಟು, ‘ಆಪ್ತ ಸಮಾಲೋಚನೆ’ ಅಂತಲೂ ಉಂಟು. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ. ಆರ್. ಚಂದ್ರಶೇಖರ್ ಅವರಂಥವರು ದಶಕಗಳ ಕಾಲ ಸರಳ ಕನ್ನಡದಲ್ಲಿ ಬರೆಯದೇ ಇದ್ದಿದ್ದರೆ ನಮಗೆ ಈ ಎರಡು ಪದಗಳೂ ಇಷ್ಟು ಪರಿಚಯ ಆಗುತ್ತಿರಲಿಲ್ಲ. ನನ್ನ ಓಟು ಎರಡನೆಯದಕ್ಕೆ. ಸಲಹೆಗೆ ನಮ್ಮಲ್ಲಿ ಬರ ಇಲ್ಲ ಮಾರಾಯ್ರೆ. ಮಡಂತ್ಯಾರು ಪೇಟೆಯಲ್ಲಿ ಬಸ್ಸಿಗೆ ಕಾಯುವಾಗ ‘ಸ್ವಲ್ಪ ಮಂಡೆಬೆಚ್ಚ’ ಅಂತ ಹೇಳಿ ನೋಡಿ. ಬಸ್ಸು ಪುಂಜಾಲಕಟ್ಟೆ ದಾಟಿ ಬರುವುದರೊಳಗೆ ಪ್ರಶ್ನೆ ಇಡಿಸಿ, ಮದುವೆ ಮಾಡಿಸಿ, ಗಲ್ಫಿಗೆ ಕಳಿಸಿ, ಮೊಬೈಲು ಕಿತ್ಕೊಳ್ಳಿ ಅಂತ ನಾಲ್ಕು ಸಲಹೆ ಸಿಕ್ಕಿರುತ್ತದೆ. ಕೊಟ್ಟವರೆಲ್ಲ ಆಪ್ತರೇ. ಸಮಾಲೋಚನೆ ಅಂದ್ರೆ ಒಟ್ಟಿಗೆ ಕೂತು ಯೋಚಿಸುವುದು, ತೀರ್ಮಾನ ಬಂದವರದ್ದೇ.

ಕೇಳಿಸಿಕೊಳ್ಳುವ ಜಾಗ ನಮ್ಮೂರಲ್ಲಿ ಇಲ್ಲವೇ ಇಲ್ಲ ಅಂತಲ್ಲ. ಕೋಲದ ದಿನ ದೈವದ ಎದುರು ನಿಂತು ಕಷ್ಟ ಹೇಳಿಕೊಳ್ಳುತ್ತಾರೆ. ದೈವ ನುಡಿ ಕೊಡುತ್ತದೆ, ಊರೇ ಕೇಳುತ್ತದೆ. ಕೇಳಿದ ಊರಿಗೆ ಆಮೇಲೆ ಒಂದಿಷ್ಟು ಜವಾಬ್ದಾರಿಯೂ ಬರುತ್ತದೆ. ಇದು ಸಣ್ಣ ಸಂಗತಿ ಅಲ್ಲ. ಅದೇ ಪೇಟೆಯ ಸೇಕ್ರೆಡ್ ಹಾರ್ಟ್ ಚರ್ಚಿನಲ್ಲಿ ಪಾಪನಿವೇದನೆ ಉಂಟು, ಅಲ್ಲಿ ಹೇಳಿದ್ದು ಪಾದ್ರಿಯ ಬಾಯಿಂದ ಹೊರಗೆ ಬರುವಂತಿಲ್ಲ. ಒಂದು ಕಡೆ ಎಲ್ಲರ ಎದುರು, ಇನ್ನೊಂದು ಕಡೆ ಪೂರ್ತಿ ಗುಟ್ಟು. ಸಮಾಲೋಚನೆಗೂ ಗುಟ್ಟು ಬೇಕು, ಆದರೆ ಅಲ್ಲಿ ಪಾಪವೂ ಇಲ್ಲ, ಅಪ್ಪಣೆಯೂ ಇಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಮಾನಸಿಕ ಕಾಯಿಲೆ ಇರುವವರಿಗೆ ಗೋಪ್ಯತೆಯನ್ನು ಹಕ್ಕಾಗಿಯೇ ಕೊಟ್ಟಿದೆ.

ಇಷ್ಟು ಹೊಗಳಿದ ಮೇಲೆ ಆ ಪುಸ್ತಕದ ಜೊತೆಗೂ ಒಂದು ಜಗಳ ಉಂಟು. ಅಪರಿಚಿತರು ಬೇಕಾದಷ್ಟು ಸಿಗುವ ದೊಡ್ಡ ನಗರವನ್ನು ಮನಸ್ಸಲ್ಲಿಟ್ಟುಕೊಂಡು ಬರೆದದ್ದು ಅದು. ಪರಿಚಯದವರು ಬಂದರೆ ಬೇರೆಯವರ ಹತ್ತಿರ ಕಳಿಸಿ ಅನ್ನುತ್ತದೆ. ನಾಳೆ ನನ್ನ ತಂಗಿ ಮಡಂತ್ಯಾರಿನಲ್ಲೇ ಬೋರ್ಡು ಹಾಕಿದರೆ ಬರುವವರೆಲ್ಲ ಪರಿಚಯದವರೇ. ಒಬ್ಬಳು ಶಾಲೆಯಲ್ಲಿ ಒಟ್ಟಿಗೆ ಓದಿದವಳು, ಇನ್ನೊಬ್ಬಳು ಅತ್ತೆಯ ನಾದಿನಿ. ಎಲ್ಲರನ್ನೂ ಮಂಗಳೂರಿಗೆ ಕಳಿಸಿದರೆ ಬಸ್ಸಿನಲ್ಲೇ ಅರ್ಧ ದಿನ, ಜೊತೆಗೆ ‘ಎಲ್ಲಿಗೆ ಹೋದದ್ದು?’ ಅನ್ನುವ ಪ್ರಶ್ನೆ. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್‌ನ 14416 ನಂಬರಿಗೆ ಫೋನು ಮಾಡಿದರೆ ಅಪರಿಚಿತರು ಸಿಗುತ್ತಾರೆ, ದುಡ್ಡೂ ಬೇಡ. ಒಳ್ಳೆಯದೇ. ಆದರೆ ಫೋನಿನಲ್ಲಿ ಮಾತಾಡಲಿಕ್ಕೆ ಮನೆಯಲ್ಲಿ ಬಾಗಿಲು ಹಾಕಿಕೊಳ್ಳುವ ಒಂದು ಕೋಣೆ ಬೇಕಲ್ಲ. ನಮ್ಮ ಹಳೆ ಹಂಚಿನ ಮನೆಗಳಲ್ಲಿ ಗೋಡೆ ಮಾಡಿನವರೆಗೆ ಹೋಗುವುದೇ ಇಲ್ಲ, ಚಾವಡಿಯ ಮಾತು ಅಡುಗೆಕೋಣೆಗೆ ಕೇಳುತ್ತದೆ.

ಪುಸ್ತಕದಲ್ಲಿ ಇನ್ನೊಂದು ನಿಯಮ. ಸಮಾಲೋಚನೆಗೆ ಬಂದವರು ಹೊರಗೆಲ್ಲಾದರೂ ಸಿಕ್ಕಿದರೆ ನೀವಾಗಿ ಮಾತಾಡಿಸಬೇಡಿ, ಅವರು ಮಾತಾಡಿಸಿದರೆ ಮಾತ್ರ ಉತ್ತರಿಸಿ. ಉದ್ದೇಶ ಸರಿಯೇ, ಇವರಿಗೆ ಅವರು ಹೇಗೆ ಗೊತ್ತು ಅಂತ ಯಾರಿಗೂ ಅನುಮಾನ ಬರಬಾರದು. ಆದರೆ ಮಡಂತ್ಯಾರಿನ ಮದುವೆ ಹಾಲಿನಲ್ಲಿ ಊಟದ ಪಂಕ್ತಿಯಲ್ಲಿ ಎದುರು ಸಿಕ್ಕಿದವಳನ್ನು ಮಾತಾಡಿಸದೆ ಹೋದರೆ ಅದೇ ಸುದ್ದಿ! ‘ಅವರಿಬ್ಬರಿಗೆ ಎಂತ ಆಗಿದೆ?’ ಅಂತ ಪಾಯಸ ಬರುವುದರೊಳಗೆ ನಾಲ್ಕು ಎಲೆ ದಾಟಿರುತ್ತದೆ.

ತಂಗಿಗೆ ಇದನ್ನು ಹೇಳಿದೆ. ಅವಳು ಆಗಲೇ ಯೋಚಿಸಿದ್ದಳು. ಮೊದಲನೇ ದಿನವೇ, ಬೇರೆ ಏನನ್ನೂ ಕೇಳುವ ಮೊದಲು, ಹೊರಗೆ ಸಿಕ್ಕಿದರೆ ನಾವು ಎಂತ ಮಾತಾಡುವ ಅಂತ ಬಂದವರ ಹತ್ತಿರವೇ ಕೇಳಿ ತೀರ್ಮಾನ ಮಾಡಿಕೊಳ್ಳುತ್ತಾಳಂತೆ. ಮಳೆಯ ಬಗ್ಗೆಯೋ ಅಡಿಕೆಯ ರೇಟಿನ ಬಗ್ಗೆಯೋ ಎರಡು ಮಾತು. ಆಟಿಯಲ್ಲಿ ಆದರೆ ಕೊಳೆರೋಗ, ಆ ವಿಷಯ ಎಷ್ಟು ಮಾತಾಡಿದರೂ ಯಾರಿಗೂ ಅನುಮಾನ ಬರುವುದಿಲ್ಲ.