ಭೂಮಿಯನ್ನು ಹೊರಗಿನಿಂದ ಓದಿದ ಹರಳು

ಗಜೇಂದ್ರಗಡದ ಗುಡ್ಡಗಳ ಮೇಲೆ ಗಾಳಿಯಂತ್ರ ತಿರುಗಿಸುವ ಗಾಳಿಯಲ್ಲಿ ಏನೇನಿದೆ ಎಂದು ತಿಳಿಯಲು ಅದನ್ನು ಸೀಸೆಯಲ್ಲಿ ಹಿಡಿದು ಪರೀಕ್ಷಿಸಬಹುದು. ಬೇರೆ ನಕ್ಷತ್ರ ಸುತ್ತುವ ಗ್ರಹದ ಗಾಳಿಗೆ ಬೆಳಕೊಂದೇ ಸಾಕ್ಷಿ. ಆ ಸಾಕ್ಷಿಯನ್ನು ಓದುವ ಸಾಧನಗಳಲ್ಲಿ ನನಗೆ ಬಹಳ ಮೆಚ್ಚಿಗೆಯಾದದ್ದು ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದ ‘ಶೇಪ್’. 2023ರ ಜುಲೈ 14ರಂದು ಚಂದ್ರಯಾನ-3ರ ಜೊತೆ ಹೊರಟ ಅದು ಚಂದ್ರನ ಕಕ್ಷೆಯಿಂದ ಭೂಮಿಯನ್ನೇ ದೂರದ ಅಪರಿಚಿತ ಗ್ರಹವೆಂಬಂತೆ ದಿಟ್ಟಿಸಿತು. ಅದರ ಜೀವಾಳ ಒಂದು ಹರಳು. ರೇಡಿಯೋ ಸಂಕೇತ ಕೊಟ್ಟೊಡನೆ ಹರಳಿನೊಳಗೆ ಕಿವಿಗೆ ನಿಲುಕದ ಧ್ವನಿಯಲೆ ಏಳುತ್ತದೆ. ಆ ಅಲೆ ಒಂದೇ ತರಂಗಾಂತರದ ಬೆಳಕನ್ನು ಆರಿಸಿ, ಧ್ರುವೀಕರಣಕ್ಕೆ, ಅಂದರೆ ಬೆಳಕಿನಲೆ ಕಂಪಿಸುವ ದಿಕ್ಕಿಗೆ, ತಕ್ಕಂತೆ ಎರಡು ಕಿರಣವಾಗಿ ಸೀಳುತ್ತದೆ. ತಂಬೂರಿಯ ತಂತಿ ಬಿಗಿದಂತೆ ಕಂಪನಾಂಕ ಬದಲಿಸಿದರೆ ಆಯ್ದ ಬೆಳಕೂ ಬದಲಾಗುತ್ತದೆ. ಗಾಲಿ ತಿರುಗಬೇಕಿಲ್ಲ, ಕನ್ನಡಿ ಹೊರಳಬೇಕಿಲ್ಲ! ಹೀಗೆ 1ರಿಂದ 1.7 ಮೈಕ್ರಾನ್‌ವರೆಗಿನ ಅವಕೆಂಪು ಬೆಳಕನ್ನು ಅದು ಒಂದೊಂದಾಗಿ ತಡವುತ್ತದೆ. ನೀರಾವಿ, ಆಮ್ಲಜನಕಗಳು ಬೆಳಕು ಹೀರಿದ ಗುರುತು ಅಲ್ಲಿ ಸಿಗುತ್ತದೆ.

ಗೊತ್ತಿರುವ ಭೂಮಿಯನ್ನು ಅಷ್ಟು ದೂರದಿಂದ ನೋಡುವುದೇಕೆ ಎಂದು ಕೇಳಬಹುದು. ಗೊತ್ತಿರುವುದರಿಂದಲೇ ನೋಡಬೇಕು. 2022ರಲ್ಲಿ ಜೇಮ್ಸ್ ವೆಬ್ ದೂರದರ್ಶಕ ವಾಸ್ಪ್-39ಬಿ ಗ್ರಹದಲ್ಲಿ ಇಂಗಾಲದ ಡೈಆಕ್ಸೈಡ್ ಗುರುತಿಸಿತು, ನಿಜ. ಆದರೆ ಅದು ಕುದಿಯುವ ಅನಿಲದೈತ್ಯ. ಜೀವವಿದೆ ಎಂದು ಖಚಿತವಾಗಿ ಹೇಳಬಹುದಾದ ಗ್ರಹ ನಮ್ಮದೊಂದೇ. ಅದರ ಮೋಡ, ಕಡಲು, ಕಾಡುಗಳೆಲ್ಲ ಒಂದೇ ಬೆಳಕಾಗಿ ಬೆರೆತಾಗ ಹೇಗೆ ಕಾಣುತ್ತವೆ ಎಂಬುದಕ್ಕೆ ಬೇರೆ ಮಾದರಿ ಎಲ್ಲಿದೆ?