ಕರೆಂಟ್ ಬಿಲ್ಲಿನಲ್ಲಿ ಅಜ್ಜ

ನಮ್ಮ ಮನೆಯ ಕರೆಂಟ್ ಬಿಲ್ಲು ಇವತ್ತಿಗೂ ಅಜ್ಜನ ಹೆಸರಿನಲ್ಲೇ ಬರುತ್ತದೆ. ಅಜ್ಜ ತೀರಿಕೊಂಡು ಹದಿನೇಳು ವರ್ಷವಾಯಿತು. ತಪ್ಪು ನಮ್ಮದೇ, ಯಾರೂ ಅರ್ಜಿ ಕೊಟ್ಟಿಲ್ಲ. ದೀಪಾವಳಿಗೆ ಊರಿಗೆ ಹೋದಾಗೆಲ್ಲ ನಾನು "ಹೆಸರು ಬದ್ಲಿ ಮಾಡ್ಸೂಣು" ಅಂತೀನಿ. ಅಪ್ಪ, "ಇರ್ಲಿ ಬಿಡೋ, ಬಿಲ್ಲಿನ್ಯಾಗರ ಇರ್ಲಿ" ಅಂತಾನ. ಹುನಗುಂದ-ಇಳಕಲ್ ನಡುವಿನ ನಮ್ಮೂರಲ್ಲಿ ಹೀಗೆ ಬಿಲ್ಲಿನಲ್ಲಿ ಬದುಕಿರುವ ಅಜ್ಜಂದಿರು ಬಹಳ ಜನ ಇದ್ದಾರೆ.

ಇದು ನನಗೆ ಬರೀ ಮನೆಯ ಮಾತಲ್ಲ, ಹೊಟ್ಟೆಪಾಡು ಕೂಡ. ಬಾಗಲಕೋಟೆಯಲ್ಲಿ ಬಿಇ ಮುಗಿಸಿ ಬೆಂಗಳೂರಿಗೆ ಬಂದ ಮೇಲೆ ಸಿಕ್ಕ ದೊಡ್ಡ ಕೆಲಸ ಅಂದರೆ, ಹೊರದೇಶದ ಒಂದು ವಿದ್ಯುತ್ ಕಂಪನಿಯ ಗ್ರಾಹಕರ ಲೆಕ್ಕವನ್ನು ಮೇನ್‌ಫ್ರೇಮ್‌ನಿಂದ ಹೊಸ ವ್ಯವಸ್ಥೆಗೆ ಸಾಗಿಸುವುದು. ಕೊಬಾಲ್‌ನಲ್ಲಿ ಬರೆದ ಕೋಡು, ನನಗಿಂತ ವಯಸ್ಸಿನಲ್ಲಿ ದೊಡ್ಡದು. ಅದರಲ್ಲಿ 'ಷರಾ' ಅನ್ನುವಂಥ ಒಂದು ಕಾಲಂ ಇತ್ತು. ಅದರ ಮೂರನೇ ಅಕ್ಷರ ಕೆಲವು ಮನೆಗಳಿಗೆ ಮಾತ್ರ 'ಎಕ್ಸ್'. ಯಾವ ದಾಖಲೆಯಲ್ಲೂ ವಿವರಣೆ ಇಲ್ಲ. ನಾವು ಅದನ್ನು ಕಸ ಅಂತ ಪಟ್ಟಿ ಮಾಡಿ ಬಿಟ್ಟೆವು. ಹಳೆಯದು ಹೊಸದು ಎರಡನ್ನೂ ಜೊತೆಗೆ ಓಡಿಸಿ ನೋಡುವಾಗ, ಹೊಸ ವ್ಯವಸ್ಥೆಯ ಸಂಪರ್ಕ ಕಡಿತದ ಪಟ್ಟಿಯಲ್ಲಿ ಒಂದಿಷ್ಟು ಮನೆ ಹೆಚ್ಚಿಗೆ ಬಂದವು. ಅಲ್ಲಿನ ಹಳೇ ನೌಕರರೊಬ್ಬರು ಫೋನಿನಲ್ಲಿ ಹೇಳಿದರು: ಆ ಮನೆಗಳಲ್ಲಿ ಆಕ್ಸಿಜನ್ ಮಷಿನ್ ಮೇಲೆ ಇರುವ ರೋಗಿಗಳಿದ್ದಾರೆ, ಬಾಕಿ ಇದ್ದರೂ ಕರೆಂಟ್ ತೆಗೆಯಬಾರದು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಪರೀಕ್ಷೆಯಲ್ಲೇ ಸಿಕ್ಕಿತು, ಅದು ನಮ್ಮ ಪುಣ್ಯ.

ಅವತ್ತಿನಿಂದ 'ಹಳೇ ಸಿಸ್ಟಂ ಬರೀ ಕಸ' ಅನ್ನುವ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಅದೇ ಕಣ್ಣಿನಿಂದ ನಮ್ಮ ಕಡೆಯ ವ್ಯವಸ್ಥೆಯನ್ನೂ ನೋಡೋಣ.

1957ರ ಕೆಇಬಿ 1999ರಲ್ಲಿ ಕೆಪಿಟಿಸಿಎಲ್ ಆಯಿತು. 2002ರಲ್ಲಿ ವಿತರಣೆ ಬೇರೆಯಾಗಿ, ಬಾಗಲಕೋಟೆ ಸೇರಿ ಏಳು ಜಿಲ್ಲೆ ಹೆಸ್ಕಾಂಗೆ ಬಂದವು. ಗ್ರಾಹಕರ ಲೆಕ್ಕಕ್ಕೆ ದೊಡ್ಡ ಮಟ್ಟದಲ್ಲಿ ತಂತ್ರಾಂಶ ಬಂದದ್ದು ಕೇಂದ್ರ ಸರ್ಕಾರ 2008ರಲ್ಲಿ ತಂದ ಆರ್-ಎಪಿಡಿಆರ್‌ಪಿ ಯೋಜನೆಯಿಂದ. ಅದರ ಮೊದಲ ಗುರಿ ವಿದ್ಯುತ್ ನಷ್ಟ ಎಲ್ಲಿ ಆಗುತ್ತಿದೆ ಅಂತ ಕಂಡುಹಿಡಿಯುವುದು. ಅದಕ್ಕಾಗಿ ಪ್ರತಿ ಮೀಟರನ್ನು ಅದರ ಕಂಬಕ್ಕೆ, ಟ್ರಾನ್ಸ್‌ಫಾರ್ಮರ್‌ಗೆ, ಫೀಡರ್‌ಗೆ ಜೋಡಿಸಬೇಕು. ಒಳ್ಳೆಯ ಕೆಲಸವೇ, ಅಳೆಯದೆ ಕಳ್ಳತನ ಹಿಡಿಯೋದು ಹ್ಯಾಂಗ? ಆದರೆ ಅದರಿಂದ ವ್ಯವಸ್ಥೆ ಮನೆಯನ್ನು ಕಂಬದ ಕಡೆಯಿಂದ ನೋಡುವುದನ್ನು ಕಲಿಯಿತು. ಬಾಗಿಲ ಕಡೆಯಿಂದ ನೋಡಲಿಲ್ಲ.

ಇನ್ನೊಂದು, ಆ ಯೋಜನೆ 30 ಸಾವಿರಕ್ಕಿಂತ ಹೆಚ್ಚು ಜನಸಂಖ್ಯೆಯ ಪಟ್ಟಣಗಳಿಗೆ ಮಾತ್ರ. ಇಳಕಲ್ ಆ ಗೆರೆಯ ಮೇಲೆ, ತಾಲೂಕು ಕೇಂದ್ರವಾಗಿದ್ದ ಹುನಗುಂದ ಕೆಳಗೆ. ಒಂದೇ ಕಂಪನಿಯ ಗ್ರಾಹಕರು, ಗೆರೆಯ ಆಚೆ ಒಂದು ವ್ಯವಸ್ಥೆ, ಈಚೆ ಒಂದು. ರಾಜ್ಯದ ವಿದ್ಯುತ್ ಕಂಪನಿಗಳು 2024ರಲ್ಲಿ ಪಟ್ಟಣಗಳ ತಂತ್ರಾಂಶವನ್ನು ಮೇಲ್ದರ್ಜೆಗೆ ಏರಿಸಿದಾಗಲೂ ಈ ಗೆರೆ ಕಾಣಿಸಿತು.

'ಈ ಮನೆಯಲ್ಲಿ ಯಾರಿದ್ದೀರಿ?' ಅಂತ ವ್ಯವಸ್ಥೆ ಜೋರಾಗಿ ಕೇಳಿದ್ದು 2023ರ ಜೂನ್‌ನಲ್ಲಿ, ಗೃಹಜ್ಯೋತಿ ನೋಂದಣಿ ಶುರುವಾದಾಗ. ಊರವರಿಗೆ ಬಾಯಿಪಾಠ ಇದ್ದದ್ದು ಆರ್.ಆರ್. ನಂಬರ್, ಪೋರ್ಟಲ್ ಕೇಳಿದ್ದು ಅಕೌಂಟ್ ಐಡಿ. ಮಾಲೀಕರೋ ಬಾಡಿಗೆಯವರೋ ಹೇಳಬೇಕು, ಆಧಾರ್ ಜೋಡಿಸಬೇಕು. ಬಾದಾಮಿಯಲ್ಲಿ ಬಾಡಿಗೆಗೆ ಇದ್ದ ಮೇಷ್ಟ್ರು ಬಾಗಲಕೋಟೆಗೆ ವರ್ಗವಾದರೆ ಆಧಾರ್ ಹಳೇ ಮೀಟರಿಗೇ ಅಂಟಿಕೊಂಡಿರುತ್ತದೆ. ಅದನ್ನು ಬಿಡಿಸುವ ಸೌಲಭ್ಯ ಬಂದದ್ದು ಮರುವರ್ಷ. ಮನುಷ್ಯರು ಮನೆ ಬದಲಿಸುತ್ತಾರೆ ಅನ್ನುವುದು ವಿನ್ಯಾಸ ಮಾಡುವ ದಿನವೇ ಗೊತ್ತಿರಬೇಕಾದ ಸಂಗತಿ ಅಲ್ಲವೇ?

200 ಯೂನಿಟ್‌ವರೆಗೆ ಉಚಿತ ಅಂದರೂ ಪ್ರತಿ ಮನೆಗೆ ಸಿಗುವುದು 2022-23ರ ಸರಾಸರಿ, ಅದರ ಮೇಲೆ ಶೇ. 10. ನಮ್ಮ ಕಡೆ ಮನೆಗೆ ಬೀಗ ಹಾಕಿ ಗೋವಾಕ್ಕೋ ಮಂಗಳೂರಿಗೋ ದುಡಿಯಲು ಹೋಗುವವರು ಎಷ್ಟು ಮಂದಿ! ವರ್ಷದ ಬಹುಪಾಲು ಬೀಗ ಬಿದ್ದ ಮನೆಯ ಸರಾಸರಿ 20 ಯೂನಿಟ್ ಇದ್ದರೆ, ಹೆಚ್ಚಿಗೆ ಸಿಗುವುದು ಎರಡೇ ಯೂನಿಟ್. 2024ರ ಜನವರಿಯಲ್ಲಿ ಸಚಿವ ಸಂಪುಟ ಇದನ್ನು ಸ್ವಲ್ಪ ತಿದ್ದಿತು. ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇದ್ದವರಿಗೆ ಶೇ. 10ರ ಬದಲು 10 ಯೂನಿಟ್. ತಿದ್ದಿದ್ದು ಒಳ್ಳೆಯದು. ಆದರೆ ಬೀಗ ಹಾಕಿದ ಮನೆಯನ್ನೂ ಬಡತನದಿಂದ ದೀಪ ಆರಿಸಿದ ಮನೆಯನ್ನೂ ಸರಾಸರಿ ಬೇರೆ ಮಾಡಿ ತೋರಿಸುವುದಿಲ್ಲ.

ಹೊಲದ ಕಥೆ ಬೇರೆ. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ವಿದ್ಯುತ್ ಉಚಿತ, ಬಹಳ ಕಡೆ ಮೀಟರೇ ಇಲ್ಲ. ಬಳಕೆಯನ್ನು ಫೀಡರ್ ಲೆಕ್ಕದ ಮೇಲೆ ಅಂದಾಜು ಮಾಡುತ್ತಾರೆ. ಎಷ್ಟೇ ಹೊಸ ಡೇಟಾಬೇಸ್ ತಂದರೂ ಆ ಕಾಲಂಗೆ ಬೀಳುವುದು ಅಂದಾಜೇ. ತಂತ್ರಾಂಶ ಅಂದಾಜನ್ನು ನಿಜ ಮಾಡುವುದಿಲ್ಲ, ಚೆಂದಗೆ ಪ್ರಿಂಟ್ ಮಾಡುತ್ತದೆ ಅಷ್ಟೇ.

ಸ್ಥಳಾಂತರ ಅಂದರೆ ಏನು ಅಂತ ಬಾಗಲಕೋಟೆಯವರಿಗೆ ಯಾರೂ ಕಲಿಸಬೇಕಿಲ್ಲ. ಆಲಮಟ್ಟಿ ಹಿನ್ನೀರಿಗೆ ಊರು ಮುಳುಗಿ ಜನ ನವನಗರಕ್ಕೆ ಬಂದರು. ಓಣಿಯ ಹೆಸರು ಹೋಗಿ ಸೆಕ್ಟರ್ ನಂಬರ್ ಬಂತು. ರಸ್ತೆ ಅಗಲ ಆಯಿತು, ಎಲ್ಲ ಸಾಲಾಗಿ ಕೂತಿತು. ಆದರೂ ಕಾಲೇಜಿನ ದಿನಗಳಲ್ಲಿ ನಾನು ಬಾಡಿಗೆಗಿದ್ದ ಮನೆಯ ಅಜ್ಜಿ ಪಕ್ಕದವರ ಪರಿಚಯ ಹೇಳುತ್ತಿದ್ದದ್ದು ಹಳೇ ಓಣಿಯ ಹೆಸರಿನಿಂದ. ಡೇಟಾ ಸಾಗಿಸುವಾಗಲೂ ಹೀಗೇ, ನಂಬರ್ ಬರುತ್ತದೆ, ನೆರೆಹೊರೆ ಹಿಂದೆ ಉಳಿಯುತ್ತದೆ.

ಹಾಗಾದರೆ ಹಳೆಯದೇ ಇರಲಿ ಅನ್ನುತ್ತೀನಾ? ಇಲ್ಲ. ಲೆಡ್ಜರ್ ಹರಿಯುತ್ತದೆ, ಕೊಬಾಲ್ ಬಲ್ಲವರು ನಿವೃತ್ತರಾಗುತ್ತಾರೆ, ಬದಲಿಸಲೇಬೇಕು. ನನ್ನ ತಕರಾರು ಕ್ರಮದ ಬಗ್ಗೆ. ಟೆಂಡರಿನಲ್ಲಿ ಸರ್ವರ್ ಎಷ್ಟು, ಪರದೆ ಎಷ್ಟು ಅಂತ ಬರೆಯುವ ಮೊದಲು ಮೀಟರ್ ಓದುವವರನ್ನು ಒಂದು ವಾರ ಕೂರಿಸಿಕೊಂಡು ಕೇಳಬೇಕು. ಯಾವ ಮನೆಗೆ ಬೀಗ, ಯಾರ ಮನೆಯಲ್ಲಿ ರೋಗಿ ಇದ್ದಾರೆ, ಯಾವ ಹೆಸರು ಸತ್ತವರದ್ದು ಅಂತ ಅವರಿಗೆ ಗೊತ್ತು. ಆ ತಿಳಿವಳಿಕೆಗೆ ಹೊಸ ವ್ಯವಸ್ಥೆಯಲ್ಲಿ ಹೆಸರಿಟ್ಟ ಕಾಲಂ ಬೇಕು. ಷರಾದ ಮೂರನೇ ಅಕ್ಷರದಲ್ಲಿ ಅದು ಅಡಗಿ ಕೂರಬಾರದು.

ಈ ಸಲ ಊರಿಗೆ ಹೋದಾಗ ಅಜ್ಜನ ಮರಣ ಪ್ರಮಾಣಪತ್ರ ಹುಡುಕಬೇಕು. ಅರ್ಜಿ ನಾವೇ ಕೊಡಬೇಕು, ಅದನ್ನು ಯಾವ ಸಾಫ್ಟ್‌ವೇರೂ ನಮ್ಮ ಪರವಾಗಿ ಕೊಡುವುದಿಲ್ಲ. ಅಪ್ಪನನ್ನು ಒಪ್ಪಿಸುವುದೇ ಕಷ್ಟದ ಕೆಲಸ.