ಬಹುಮಾನವಾಗಿ ಬಂದ ಎಂಜಿನ್ನು

ಶಂಕರ್ ನಾಗ್ (1954–1990) ಆಗುಂಬೆಯಲ್ಲಿ ಚಿತ್ರಿಸಿದ, ಆರ್. ಕೆ. ನಾರಾಯಣರ ಕಥೆಗಳ ‘ಮಾಲ್ಗುಡಿ ಡೇಸ್’ ಮಾಲಿಕೆಯಲ್ಲಿ ಬಾಲಕ ಸ್ವಾಮಿಯ ಪ್ರಸಂಗಗಳನ್ನು ಸ್ಮರಿಸುವವರೇ ಬಹಳ. ನನ್ನ ಪಕ್ಷಪಾತವಾದರೋ ರೋಡ್ ಎಂಜಿನ್ನಿನ ಕಂತಿನ ಕಡೆಗೆ. ಲಾಟರಿಯಲ್ಲಿ ಬಡವನೊಬ್ಬನಿಗೆ ರಸ್ತೆ ಸಮಗೊಳಿಸುವ ಎಂಜಿನ್ನೇ ಬಹುಮಾನವಾಗಿ ಬಂದು, ಮಾರಲೂ ಆಗದೆ ಇರಿಸಿಕೊಳ್ಳಲೂ ಆಗದೆ, ಪುರಸಭೆಗೆ ನೆಲಬಾಡಿಗೆ ತೆರಬೇಕಾಗಿ, ಕಡೆಗೆ ದೇವಸ್ಥಾನದ ಆನೆಯನ್ನು ಕಟ್ಟಿ, ಆಳುಗಳಿಂದ ಹಗ್ಗ ಹಿಡಿಸಿ ಎಳೆಸಹೋದರೆ, ಅದು ಅಡ್ಡಡ್ಡ ಹೊರಳಿ ಪರರ ಗೋಡೆಯನ್ನು ಕೆಡಹುತ್ತದೆ. ನಮ್ಮ ದೇವರ ಹಿಪ್ಪರಗಿಯವರಿಗೆ ಈ ಸಂಕಟ ಬೇಗನೆ ತಿಳಿದೀತು. ಮಳೆಗಾಲದ ನಮ್ಮ ಎರೆಮಣ್ಣಿನಲ್ಲಿ ಇಂಥದನ್ನು ಗೆದ್ದವನ ಗತಿಯೇನು! ಹಾಸ್ಯವಿಲ್ಲಿ ಮಾತಿನ ಚಟಾಕಿಗಿಂತಲೂ ಆ ಜಡಲೋಹದ ನಿರ್ವಿಕಾರ ಸ್ಥೈರ್ಯದಲ್ಲಿಯೇ ಅಧಿಕವಾಗಿದೆ. ಕೊನೆಗೆ ಭೂಕಂಪವಾಗಿ ಎಂಜಿನ್ನು ಪಾಳುಬಾವಿಗೆ ಬೀಳಲು, ಆ ಬಾವಿಯನ್ನು ಮುಚ್ಚಿಸುವಂತೆ ಪುರಸಭೆಯ ನೋಟೀಸು ಪಡೆದಿದ್ದ ಬಾವಿಯೊಡೆಯನು ಜಗಳಕ್ಕೆ ಬಾರದೆ ಉಪಕಾರವಾಯಿತೆನ್ನುವನು.